ಕರಿಯ ಇರುವಾಗಲೇ

ಸಂಜೆ ತಾಂಡ್ಯದ ಕಾರ್ಖಾನೆಯಲ್ಲಿ ಜನರಲ್ ಶಿಫ್ಟ್ ಮುಗಿಸಿ ತಿರುವಿನಲ್ಲಿ ಬಸ್ಸಿಳಿದರೆ ನಮ್ಮ ಮನೆಯ ಗೇಟು ಕಾಣುತ್ತದೆ. ಗೇಟಿನ ಕೆಳಗಿನ ಸಂದಿಯಲ್ಲಿ ಒಂದು ಮೂತಿ ಕಾಣುತ್ತದೆ. ಅದು ಕರಿಯನದು. ಅವನಿಗೆ ಹದಿಮೂರು ತುಂಬಿತು. ಕಿವಿ ಕೇಳಿಸುವುದಿಲ್ಲ, ಹಿಂಗಾಲು ಎಳೆಯುತ್ತದೆ, ಮೂತಿ ವಿಭೂತಿ ಬಳಿದಂತೆ ಬೆಳ್ಳಗಾಗಿದೆ. ಬಸ್ಸಿನ ಹೊತ್ತು ಮಾತ್ರ ಇವತ್ತಿಗೂ ತಪ್ಪಿಸಿಲ್ಲ.

ಹೋದ ತಿಂಗಳು ಅವನ ಫೋಟೊ ತೆಗೆಯಲು ಕೂತಾಗ ಅವ್ವ ತಡೆದಳು. “ಯಾಕ್ಲಾ ಮಗ, ಉಸಿರಾಡೋ ಜೀವನ ಈಗ್ಲೇ ಗೋಡೆಗೆ ತಗುಲಾಕ್ತೀಯ?”

ಅವಳ ಅಳುಕು ನನಗೆ ಗೊತ್ತು. ನಮ್ಮ ನಡುಮನೆಯ ಗೋಡೆಯ ಮೇಲಿರುವವರೆಲ್ಲ ಹಾರ ಹಾಕಿಸಿಕೊಂಡವರೇ. ಆದರೆ ಕರಿಯನಿಗೂ ಮುಂಚೆ ಮನೆ ಕಾದ ಕೆಂಚಿ ಹೋದ ಮೇಲೆ ಹುಡುಕಾಡಿದಾಗ ಸಿಕ್ಕಿದ್ದು ಒಂದೇ ಚಿತ್ರ. ಅಕ್ಕನ ಸೀಮಂತದ ಆಲ್ಬಮ್ಮಿನಲ್ಲಿ, ಬಾಳೆಕಂದಿನ ಹಿಂದೆ, ಅವಳ ಬಾಲ. ಹನ್ನೊಂದು ವರ್ಷದ ಋಣಕ್ಕೆ ಉಳಿದದ್ದು ಅಷ್ಟು. ಅದಕ್ಕೇ ಹೇಳುತ್ತೇನೆ: ಮುದಿ ನಾಯಿ ಇರುವ ಮನೆಯವರು ಅದರ ಫೋಟೊವನ್ನು ನಾಳೆಗೆ ಬಿಡಬಾರದು.

ಆತಕೂರಿನ ಕಾಳಿ

ನಾಯಿಯ ನೆನಪನ್ನು ಕಾಪಿಡುವ ಆಸೆ ಈ ಮಣ್ಣಿಗೆ ಹಳೆಯದು. ನಮ್ಮ ನಂಜನಗೂಡಿನ ಪಕ್ಕದ ತಿ. ನರಸೀಪುರ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಗಂಗ ದೊರೆ ಇಮ್ಮಡಿ ಬೂತುಗ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಚೋಳರೊಂದಿಗೆ ಕಾದಿದ. ಅಲ್ಲಿ ಶೌರ್ಯ ತೋರಿದ ಮಣಲೇರನೆಂಬ ವೀರನಿಗೆ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಈಗಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಅದರ ಹೆಸರಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲಿನಲ್ಲಿ ನಾಯಿ, ಹಂದಿ ಎರಡೂ ಸೆಣಸುತ್ತಿವೆ. ಜೊತೆಗಿನ ಅಕ್ಷರಗಳಲ್ಲಿ ಹೆಸರಿದೆ, ಮಾಡಿದ ಕೆಲಸವಿದೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತು. ಅದು ತಳಿಗೆ ಸಂದ ಗೌರವ. ಕಾಳಿಯ ಕಲ್ಲು ಒಂದೇ ಒಂದು ಜೀವಕ್ಕೆ ಸಂದದ್ದು. ಮನೆ ನಾಯಿಯ ಫೋಟೊಗೂ ಆ ಕಲ್ಲೇ ಮೇಲ್ಪಂಕ್ತಿ ಎಂದು ನನಗನ್ನಿಸುತ್ತದೆ. ನಾಯಿ ಹೇಗಿತ್ತು ಎನ್ನುವುದರ ಜೊತೆಗೆ, ನಮ್ಮ ಮನೆಯಲ್ಲಿ ಅದು ಏನು ಮಾಡಿಕೊಂಡಿತ್ತು ಎನ್ನುವುದೂ ಚಿತ್ರದಲ್ಲಿ ಉಳಿಯಬೇಕು.

ಅವನ ಜಾಗ, ಅವನ ಹೊತ್ತು

ಮುದಿ ನಾಯಿಯನ್ನು ಎಬ್ಬಿಸಿ, ಎಳೆದು ತಂದು ಕೂರಿಸಬೇಡಿ. ಕೀಲು ನೋಯುವ ನಾಯಿಗೆ ಕೂತು ಏಳುವುದೇ ಕಷ್ಟ. ಅದು ಇರುವಲ್ಲಿಗೆ ನಾವೇ ಹೋಗಬೇಕು, ನೆಲದ ಮೇಲೆ ಮೊಣಕೈ ಊರಿ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಿಂತು ತೆಗೆದರೆ ಬರುವುದು ಬೆನ್ನು, ಮಲಗಿ ತೆಗೆದರೆ ಬರುವುದು ಮುಖ.

ಫ್ಲಾಶ್ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ಎಸೆಯುವ ಪದರವಿದೆ, ಫ್ಲಾಶ್ ಬಿದ್ದರೆ ಕಣ್ಣು ಕೆಂಡದಂತೆ ಹೊಳೆಯುತ್ತದೆ. ವಯಸ್ಸಾದ ನಾಯಿಯ ಕಣ್ಣಿಗೆ ಬರುವ ತಿಳಿನೀಲಿ ಮಂಜು ಜಗಲಿಯ ಎಳೆಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಕಪ್ಪು ನಾಯಿಯಾದರೆ ಮೊಬೈಲಿನ ಪರದೆಯಲ್ಲಿ ಅದರ ಮುಖವನ್ನೇ ಒತ್ತಿ. ಇಲ್ಲದಿದ್ದರೆ ಹಿಂದಿನ ಸುಣ್ಣದ ಗೋಡೆ ಬೆಳ್ಳಗೆ ಬಂದು, ನಾಯಿ ಬರೀ ನೆರಳಾಗುತ್ತದೆ. ಕಿವಿ ಕೇಳದ ನಾಯಿಯನ್ನು ಕೂಗಿ ಫಲವಿಲ್ಲ. ಮೂಗು ಇನ್ನೂ ಚುರುಕಾಗಿರುತ್ತದೆ. ಬಾಡಿನ ಎಸರಿನಲ್ಲಿ ಅದ್ದಿದ ಮುದ್ದೆಯ ಚೂರನ್ನು ಕ್ಯಾಮೆರಾದ ಪಕ್ಕ ಹಿಡಿಯಿರಿ, ತಲೆ ತಾನಾಗಿ ಏಳುತ್ತದೆ.

ಇಡೀ ನಾಯಿಯ ಚಿತ್ರ ಆದ ಮೇಲೆ ಹತ್ತಿರ ಹೋಗಿ. ಹರಿದ ಕಿವಿಯಂಚು, ಸವೆದ ಉಗುರು, ಮಲಗಿ ಮಲಗಿ ಮೊಣಕೈಯಲ್ಲಿ ಗಟ್ಟಿಯಾದ ಚರ್ಮ. ಮುಂದೆ ಕೈಬೆರಳು ಹುಡುಕುವುದು ಇವನ್ನೇ. ಮನೆಯವರೂ ಚಿತ್ರದೊಳಗೆ ಬರಲಿ. ಅವ್ವ ಮಾತ್ರ ಬರಲೊಪ್ಪಲಿಲ್ಲ. ರಾತ್ರಿ ಕರಿಯನಿಗೆ ಮುದ್ದೆ ಮುರಿದು ಹಾಕುವಾಗ, ಅವನ ನೆತ್ತಿಯ ಮೇಲಿದ್ದ ಅವಳ ಕೈಯನ್ನು ಕೇಳದೆಯೇ ತೆಗೆದೆ.

ನನಗೆ ಬೇಕಿದ್ದ ಚಿತ್ರ ಕೊನೆಗೆ ಸಿಕ್ಕಿದ್ದು ತಿರುವಿನಲ್ಲಿ. ಬಸ್ಸಿಳಿದವನೇ ಹೆಜ್ಜೆ ಕಿತ್ತಿಡದೆ ನಿಂತು ತೆಗೆದೆ: ದೂರದ ಗೇಟು, ಸಂದಿಯಲ್ಲಿ ಮೂತಿ. ಫೋನು ಇವತ್ತು ಇದ್ದು ನಾಳೆ ಕೆಡುವ ವಸ್ತು. ಹಾಗಾಗಿ ನಂಜನಗೂಡಿನ ಸ್ಟುಡಿಯೊದಲ್ಲಿ ಕಾಗದಕ್ಕೆ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಬರೆದೆ: ಕರಿಯ. ಹದಿಮೂರು ವರ್ಷ. ಬಸ್ಸು ಬರುವವರೆಗೆ ಕಾಯುತ್ತಾನೆ.

ಅವ್ವ ಓದಿಸಿಕೊಂಡು ಕೇಳಿದಳು. ಫೋಟೊವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ದಿನಾ ಕೈಯಾಡಿಸುವ ರಾಗಿಹಿಟ್ಟಿನ ಡಬ್ಬದ ಪಕ್ಕ, ಗೂಡಿನಲ್ಲಿ ಒರಗಿಸಿ ಇಟ್ಟಳು.