ಸ್ವಂತ ವಾಹನದಲ್ಲಿ ನೇಪಾಳ ಪ್ರವಾಸ: ಹೊರಡುವ ಮುನ್ನ ಪಡೆಯಬೇಕಾದ ದಾಖಲೆಗಳು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿ ಹಾಗೂ ಸುತ್ತಮುತ್ತಲಿನ ಗ್ರಾಮಗಳಿಂದ ಪಶುಪತಿನಾಥ, ಮುಕ್ತಿನಾಥ ದರ್ಶನಕ್ಕಾಗಿ ಸ್ವಂತ ವಾಹನದಲ್ಲಿ ನೇಪಾಳಕ್ಕೆ ತೆರಳಬಯಸುವ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ. ಕಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಕರ್ನಾಟಕ ಮೂಲದ ಭಟ್ಟರು ಪೂಜೆ ಸಲ್ಲಿಸುವ ಪರಂಪರೆ ಇರುವುದರಿಂದ ನಮ್ಮ ರಾಜ್ಯದ ಯಾತ್ರಿಕರಿಗೆ ಈ ಕ್ಷೇತ್ರವು ಸುಪರಿಚಿತವಾಗಿದೆ.

ನಾಗಪುರ, ಜಬಲ್‌ಪುರ, ವಾರಾಣಸಿ, ಗೋರಖ್‌ಪುರ ಮಾರ್ಗವಾಗಿ ತೆರಳುವವರು ಉತ್ತರ ಪ್ರದೇಶದ ಸೋನೌಲಿಯಲ್ಲಿ ಗಡಿ ದಾಟುತ್ತಾರೆ. ಅಷ್ಟು ದೂರ ಕ್ರಮಿಸಿದ ನಂತರ ದಾಖಲೆಯ ಕೊರತೆ ಕಂಡುಬಂದಲ್ಲಿ ಅಲ್ಲಿ ಸರಿಪಡಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಕೆಳಕಂಡವುಗಳನ್ನು ಊರಿನಲ್ಲಿಯೇ ಪೂರೈಸಿಕೊಳ್ಳತಕ್ಕದ್ದು.

1. ಗುರುತಿನ ದಾಖಲೆ: ಭಾರತೀಯ ನಾಗರಿಕರಿಗೆ ವೀಸಾ ಅಗತ್ಯವಿಲ್ಲ. ಆದರೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅಥವಾ ಭಾರತ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಬೇಕು. ಆಧಾರ್ ಕಾರ್ಡ್ ಒಂದೇ ಸಾಲದು. 15 ವರ್ಷಕ್ಕಿಂತ ಕಡಿಮೆ ಹಾಗೂ 65 ವರ್ಷ ಮೀರಿದವರು ಮಾತ್ರ ವಯಸ್ಸು ಮತ್ತು ಗುರುತು ದೃಢಪಡಿಸುವ ಆಧಾರ್, ಪಡಿತರ ಚೀಟಿ ಮುಂತಾದ ಭಾವಚಿತ್ರವುಳ್ಳ ದಾಖಲೆಯನ್ನು ಬಳಸಬಹುದು. 15ರಿಂದ 18 ವರ್ಷದ ವಿದ್ಯಾರ್ಥಿಗಳು ಶಾಲಾ ಮುಖ್ಯಸ್ಥರಿಂದ ನಿಗದಿತ ನಮೂನೆಯಲ್ಲಿ ಗುರುತಿನ ಪತ್ರ ಪಡೆಯಬೇಕು. ಮತದಾರರ ಚೀಟಿಯಲ್ಲಿ ಹೆಸರು ತಪ್ಪಾಗಿದ್ದಲ್ಲಿ ನಮೂನೆ 8ರಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸಿ ತಿದ್ದುಪಡಿ ಮಾಡಿಸಿಕೊಳ್ಳುವುದು.

2. ವಾಹನದ ದಾಖಲೆ: ನೋಂದಣಿ ಪತ್ರ, ಚಾಲನಾ ಪರವಾನಗಿ, ವಿಮೆ ಹಾಗೂ ಮಾಲಿನ್ಯ ತಪಾಸಣಾ ಪತ್ರಗಳ ಮೂಲ ಪ್ರತಿಗಳನ್ನು ಒಯ್ಯುವುದು. ಡಿಜಿಲಾಕರ್ ಪ್ರತಿಗೆ ಭಾರತದೊಳಗೆ ಮಾನ್ಯತೆಯಿದೆ. ಗಡಿಯಾಚೆ ಅದನ್ನು ನೆಚ್ಚಿಕೊಳ್ಳಬಾರದು. ವಾಹನವು ತಂದೆಯ ಅಥವಾ ಇತರರ ಹೆಸರಿನಲ್ಲಿದ್ದಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಪತ್ರ ಜೊತೆಯಲ್ಲಿರಲಿ. ಪರವಾನಗಿಯ ನವೀಕರಣ ಬಾಕಿಯಿದ್ದಲ್ಲಿ ರಾಮನಗರದ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯವರು ಸಾರಥಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು.

3. ವಿಮೆ: ಇದನ್ನು ವಿಶೇಷವಾಗಿ ಗಮನಿಸುವುದು. ಸಾಮಾನ್ಯ ವಾಹನ ವಿಮಾ ಪಾಲಿಸಿಯ ವ್ಯಾಪ್ತಿ ಭಾರತಕ್ಕೆ ಸೀಮಿತ. ಪಾಲಿಸಿ ಚಾಲ್ತಿಯಲ್ಲಿದ್ದರೂ ನೇಪಾಳದಲ್ಲಿ ಅಪಘಾತವಾದಲ್ಲಿ ವಾಹನದ ದುರಸ್ತಿ ಹಾಗೂ ಗಾಯಾಳುಗಳ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳಬಹುದು. ಹೆಚ್ಚುವರಿ ಪ್ರೀಮಿಯಂ ಪಾವತಿಸಿ ಭೌಗೋಳಿಕ ವ್ಯಾಪ್ತಿಯನ್ನು ನೇಪಾಳಕ್ಕೆ ವಿಸ್ತರಿಸಲು ಅವಕಾಶವಿದೆ. ತಮ್ಮ ವಿಮಾ ಕಂಪನಿಗೆ ಲಿಖಿತ ಮನವಿ ಸಲ್ಲಿಸಿ, ಪಾಲಿಸಿಯಲ್ಲಿ ನೇಪಾಳದ ಹೆಸರು ನಮೂದಾಗಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಹೊರಡುವುದು.

4. ಗಡಿಯಲ್ಲಿ: ನೇಪಾಳದ ಸುಂಕ ಕಚೇರಿಯಲ್ಲಿ (ಭನ್ಸಾರ್) ತಂಗುವ ದಿನಗಳಿಗೆ ಅನುಗುಣವಾಗಿ ಶುಲ್ಕ ಪಾವತಿಸಿ ವಾಹನ ಪ್ರವೇಶ ಪತ್ರ ಪಡೆಯಬೇಕು. ಒಂದು ವರ್ಷದಲ್ಲಿ ವಾಹನಕ್ಕೆ ಒಟ್ಟು 30 ದಿನಗಳ ಮಿತಿಯಿದೆ. ಅವಧಿ ಮೀರಿದಲ್ಲಿ ದಂಡ ತೆರಬೇಕಾಗುವುದರಿಂದ ಒಂದೆರಡು ದಿನ ಹೆಚ್ಚಾಗಿಯೇ ನಮೂದಿಸುವುದು ಸೂಕ್ತ. ರಶೀದಿಯನ್ನು ಹಿಂದಿರುಗುವವರೆಗೆ ಜೋಪಾನವಾಗಿರಿಸಿಕೊಳ್ಳಬೇಕು.

ಮೇಲ್ಕಂಡ ವಿವರಗಳು ಸ್ವಂತ ಬಳಕೆಯ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. ಅಖಿಲ ಭಾರತ ಪ್ರವಾಸಿ ಪರವಾನಗಿಯು ಭಾರತದೊಳಗಿನ ಸಂಚಾರಕ್ಕೆ ಸಂಬಂಧಿಸಿದ್ದು, ಬಾಡಿಗೆ ವಾಹನದಲ್ಲಿ ತೆರಳುವವರು ಪ್ರತ್ಯೇಕ ಅನುಮತಿಯ ಬಗ್ಗೆ ಮುಂಚಿತವಾಗಿ ವಿಚಾರಿಸತಕ್ಕದ್ದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.