ಹಳೆಯ ತೊಟ್ಟಿಲಿಗೆ ಬಣ್ಣ ಬಳಿಯುವ ಮುನ್ನ

ನಮ್ಮ ಶಿಕಾರಿಪುರ, ಸೊರಬ ಸೀಮೆಯ ಮನೆಗಳಲ್ಲಿ ಮರದ ಸಾಮಾನು ಒಂದು ತಲೆಮಾರಿಗೆ ಮುಗಿಯುವ ಸೊತ್ತಾಗಿರಲಿಲ್ಲ. ಅಜ್ಜ ಮಾಡಿಸಿದ ಮಂಚದಲ್ಲಿ ಮೊಮ್ಮಗ ಮಲಗುತ್ತಿದ್ದ. ಮುತ್ತಜ್ಜಿಯ ತವರಿನಿಂದ ಬಂದ ಪೆಟ್ಟಿಗೆಯಲ್ಲಿ ಮರಿಮಗಳ ರೇಷ್ಮೆ ಸೀರೆ ಇರುತ್ತಿತ್ತು. ಈಗ ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗಿ ತಾರಸಿ ಮನೆಗಳು ಏಳುತ್ತಿವೆ. ಹಳೆಯ ಮನೆಯನ್ನು ಬಿಚ್ಚಿದಾಗ ತೊಲೆ, ಕಂಬ, ಬಾಗಿಲುಗಳೊಡನೆ ಮಂಚ, ಮೇಜು, ಕುರ್ಚಿ, ತೊಟ್ಟಿಲುಗಳೂ ಮಾರಾಟಕ್ಕೆ ಬರುತ್ತವೆ. ಇದು ನಮ್ಮ ಜಿಲ್ಲೆಗೆ ತೀರ ಹೊಸದೇನೂ ಅಲ್ಲ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟಿದ ಅಣೆಕಟ್ಟು ೧೯೬೪ರಲ್ಲಿ ಪೂರ್ಣಗೊಂಡ ಕಾಲದಲ್ಲಿ ಮುಳುಗಡೆಯ ಊರುಗಳವರು ಮನೆಯ ಮರಮುಟ್ಟುಗಳನ್ನು ಬಿಚ್ಚಿ, ಹೇರಿಕೊಂಡು ಬೇರೆ ಊರುಗಳಿಗೆ ಹೊರಟುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಹೀಗೆ ಕೈ ಬದಲಾಯಿಸಿದ ಪೀಠೋಪಕರಣವನ್ನು ಕಡಿಮೆ ಬೆಲೆಗೆ ತಂದು, ಮನೆಯಲ್ಲಿಯೇ ಉಜ್ಜಿ, ಮೆರುಗು ಕೊಟ್ಟು ಬಳಸುವುದು ಒಳ್ಳೆಯ ಕೆಲಸ. ಹಣ ಉಳಿಯುತ್ತದೆ, ಒಂದು ಮರವೂ ಉಳಿಯುತ್ತದೆ. ಆದರೆ ಈ ಕೆಲಸಕ್ಕೆ ಉತ್ಸಾಹದಷ್ಟೇ ತಿಳಿವಳಿಕೆಯೂ ಬೇಕೆಂಬುದನ್ನು ನಾನು ಸ್ವಲ್ಪ ತಡವಾಗಿ, ನನ್ನ ತಪ್ಪಿನಿಂದಲೇ ಕಲಿತೆನು.

ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ ಮಂಚ, ವ್ಯಾಸಪೀಠ, ಪಲ್ಲಕ್ಕಿಗಳನ್ನು ವರ್ಷಕ್ಕೊಮ್ಮೆ ಹೊರತೆಗೆದು, ಒರೆಸಿ, ಎಣ್ಣೆ ಸವರುವ ಸೇವೆ ವಿದ್ಯಾರ್ಥಿಗಳಾದ ನಮ್ಮ ಪಾಲಿಗೆ ಬರುತ್ತಿತ್ತು. ಆ ಅನುಭವದ ಧೈರ್ಯದಿಂದ ಒಂದು ಮಾಘ ಮಾಸದಲ್ಲಿ ಹಳೆಯ ತೊಟ್ಟಿಲೊಂದನ್ನು ನಾನೇ ಹೊಸದು ಮಾಡಲು ಹೊರಟೆ. ಸೊಸೆ ಬಾಣಂತನಕ್ಕೆ ತವರಿನಲ್ಲಿದ್ದಳು. ಐದನೆಯ ತಿಂಗಳಿಗೆ ಮೊಮ್ಮಗಳು ನಮ್ಮ ಮನೆಗೆ ಬರುವುದಿತ್ತು. ಸೊರಬದ ಕಡೆಯ ಹಳ್ಳಿಯೊಂದರಲ್ಲಿ ಬಿಚ್ಚಿದ ಮನೆಯ ತೊಟ್ಟಿಲು ಶಿಕಾರಿಪುರದ ವ್ಯಾಪಾರಿಯೊಬ್ಬರ ಬಳಿ ಕಣ್ಣಿಗೆ ಬಿತ್ತು. ನಾಲ್ಕು ಕಂಬಗಳು, ಸುತ್ತಲೂ ಕಡೆದ ಕಂಬಿಗಳು, ಮೇಲೆಲ್ಲ ಹಸಿರು ಬಣ್ಣ. ಬಣ್ಣ ತಾಗದ ತಳಭಾಗವನ್ನು ನೋಡಿದಾಗ ಸಾಗುವಾನಿಯೆಂದು ತಿಳಿಯಿತು.

ಅದನ್ನು ತಂದು ಜಗಲಿಯ ಮೇಲಿಟ್ಟು ಮರಳುಕಾಗದದಿಂದ ಉಜ್ಜತೊಡಗಿದೆ. ಹಸಿರಿನ ಕೆಳಗೆ ಹಳದಿ, ಹಳದಿಯ ಕೆಳಗೆ ಕೆಂಪು ಬಣ್ಣಗಳು ಕಂಡವು. ಎರಡು ದಿನಗಳಲ್ಲಿ ಜಗಲಿ, ಕಿಟಕಿ, ನನ್ನ ಧೋತರ ಎಲ್ಲವೂ ಧೂಳಿನಿಂದ ತುಂಬಿದವು. ಓಣಿಯ ಮಕ್ಕಳು ಸುತ್ತ ನೆರೆದು ನೋಡುತ್ತಿದ್ದರು. ಉದುರಿದ ಚಕ್ಕೆಗಳನ್ನು ಗುಡಿಸಿ ಬಚ್ಚಲ ಒಲೆಗೆ ಹಾಕಿದೆ.

ಮೂರನೆಯ ದಿನ ಸೊಸೆಯೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಇದನ್ನೆಲ್ಲ ಸಂತೋಷದಿಂದ ಹೇಳಿದೆ. ಆಕೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವನವರೇ, ಆ ಬಣ್ಣ ಎಷ್ಟು ವರ್ಷದ್ದಿರಬಹುದು?” ಎಂದು ಕೇಳಿದಳು.

“ಐವತ್ತು ವರ್ಷವಾದರೂ ಆಗಿರಬೇಕು ತಾಯಿ” ಎಂದೆ.

“ಹಾಗಾದರೆ ದಯವಿಟ್ಟು ಉಜ್ಜುವುದನ್ನು ನಿಲ್ಲಿಸಿರಿ. ಅದರಲ್ಲಿ ಸೀಸ ಇರಬಹುದು. ಆ ಧೂಳು ಮಗುವಿಗೂ ಬೇಡ, ನಿಮಗೂ ಬೇಡ” ಎಂದಳು.

ಆಕೆ ಅಂದು ತಿಳಿಸಿದ ಸಂಗತಿಯನ್ನೂ, ಆಮೇಲೆ ನಮ್ಮೂರಿನ ಬಡಗಿ ಆಚಾರ್ಯರಿಂದ ಕಲಿತ ಕ್ರಮವನ್ನೂ ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಬಣ್ಣದೊಳಗಿನ ಸೀಸ

ಹಿಂದಿನ ಕಾಲದ ಎಣ್ಣೆ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟ್, ಅದಕ್ಕೇ ನೀಲಿ ಬೆರೆಸಿದರೆ ಹಸಿರು, ಅಡಿಬಣ್ಣಕ್ಕೆ ಕೆಂಪು ಸೀಸ. ಬಣ್ಣ ಬೇಗ ಆರಲೆಂದು ಸೇರಿಸುತ್ತಿದ್ದ ಪದಾರ್ಥದಲ್ಲಿಯೂ ಸೀಸವಿರುತ್ತಿತ್ತು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ ೯೦ ಭಾಗಗಳನ್ನು ಮೀರಕೂಡದೆಂಬ ನಿಯಮವನ್ನು ಕೇಂದ್ರ ಸರ್ಕಾರವು ೨೦೧೬ರಲ್ಲಿ ಹೊರಡಿಸಿತು. ಅದು ೨೦೧೭ರ ನವೆಂಬರ್ ೧ರಿಂದ ಜಾರಿಗೆ ಬಂದಿತು. ಆದುದರಿಂದ ಅದಕ್ಕೆ ಮೊದಲು ಬಳಿದ ಬಣ್ಣವನ್ನು ಸೀಸವುಳ್ಳದ್ದೆಂದೇ ಭಾವಿಸಿ ನಡೆದುಕೊಳ್ಳುವುದು ಲೇಸು.

ಸೀಸವು ದೇಹದೊಳಗೆ ಸೇರಿದರೆ ಮೊದಲು ಪೆಟ್ಟು ಬೀಳುವುದು ಎಳೆಯ ಮಕ್ಕಳ ಮೆದುಳಿಗೆ. ಕಲಿಯುವ ಶಕ್ತಿ ಕುಂದುತ್ತದೆ, ರಕ್ತಹೀನತೆ ಉಂಟಾಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದೂ, ಇಷ್ಟು ಸೀಸ ನಿರಪಾಯವೆನ್ನುವ ಮಿತಿಯೇ ತಿಳಿದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗರ್ಭಿಣಿಯರ ಮೂಲಕ ಅದು ಶಿಶುವನ್ನೂ ಮುಟ್ಟುತ್ತದೆ. ಹಲ್ಲು ಹುಟ್ಟುವ ಕಾಲದಲ್ಲಿ ಮಗು ತೊಟ್ಟಿಲಿನ ಕಂಬಿಯನ್ನು ಕಚ್ಚುವುದನ್ನು ಎಲ್ಲ ತಾಯಂದಿರೂ ಕಂಡಿದ್ದಾರೆ. ಆ ಕಂಬಿಯ ಮೇಲೆ ಯಾವ ಬಣ್ಣವಿದೆ ಎಂಬುದನ್ನು ನಾವು ವಿಚಾರಿಸುವುದು ಮಾತ್ರ ಅಪರೂಪ.

ನನ್ನ ಇನ್ನೊಂದು ತಪ್ಪು ಬಚ್ಚಲ ಒಲೆಯದು. ಬಣ್ಣದ ಚಕ್ಕೆಯನ್ನಾಗಲಿ, ಬಣ್ಣ ಬಳಿದ ಹಳೆಯ ಮರವನ್ನಾಗಲಿ ಸುಟ್ಟರೆ ಸೀಸವು ಹೊಗೆಯೊಡನೆ ಹೊರಬೀಳುತ್ತದೆ. ಉಳಿದುದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯಿಂದಲೇ ನಾವು ಪಾತ್ರೆ ಬೆಳಗುತ್ತೇವೆ, ಹಿತ್ತಲ ಕೊತ್ತಂಬರಿ ಮಡಿಗೆ ಚೆಲ್ಲುತ್ತೇವೆ. ಮನೆ ಬಿಚ್ಚಿದಾಗ ಬಂದ ಬಣ್ಣದ ಕಿಟಕಿ ಚೂರುಗಳನ್ನು ನೀರು ಕಾಯಿಸಲು ಸೌದೆಯಾಗಿ ಬಳಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದನ್ನು ಬಿಡಬೇಕು.

ಅಂದು ಸಂಜೆ ಜಗಲಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಎರಡೆರಡು ಬಾರಿ ಒರೆಸಿದೆವು. ಒಲೆಯ ಬೂದಿಯನ್ನು ಚೀಲಕ್ಕೆ ತುಂಬಿ ಕಟ್ಟಿಟ್ಟೆವು. ಓಣಿಯ ಮಕ್ಕಳ ಮನೆಗಳಿಗೆ ನಾನೇ ಹೋಗಿ ವಿಷಯ ತಿಳಿಸಿ, ಮಕ್ಕಳ ಕೈಕಾಲು ತೊಳೆಸಿ, ಅವರು ತೊಟ್ಟಿದ್ದ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರೆಂದೂ, ಸಂದೇಹವಿದ್ದರೆ ರಕ್ತಪರೀಕ್ಷೆಯಿಂದ ಸೀಸದ ಪ್ರಮಾಣ ತಿಳಿಯುತ್ತದೆಂದೂ ಹೇಳಿ ಬಂದೆ. ನಾಚಿಕೆಯಾಯಿತು, ಆದರೆ ಹೇಳದೆ ಇರುವಂತಿರಲಿಲ್ಲ.

ಕೊಳ್ಳುವಾಗಲೇ ನೋಡಬೇಕಾದುದು

ಮರುದಿನ ಬಡಗಿ ಆಚಾರ್ಯರನ್ನು ಕರೆತಂದೆ. “ಶಾಸ್ತ್ರಿಗಳೇ, ಮೇಲಿನ ಬಣ್ಣ ನೋಡಿ ಸಾಮಾನು ಕೊಳ್ಳಬಾರದು, ಬೋರಲು ಹಾಕಿ ನೋಡಬೇಕು” ಎಂಬುದೇ ಅವರ ಮೊದಲ ಮಾತು.

ತಳವನ್ನೂ ಹಿಂಬದಿಯನ್ನೂ ನೋಡಿದರೆ ಮರದ ಜಾತಿ, ಒಡಕು, ಹುಳು ಎಲ್ಲವೂ ತಿಳಿಯುತ್ತವೆ. ಸಣ್ಣ ದುಂಡು ತೂತುಗಳಿಂದ ಹೊಸ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳು ಇನ್ನೂ ಒಳಗಿದೆಯೆಂದು ಅರ್ಥ. ಅಂಥದನ್ನು ಮನೆಯೊಳಗೆ ತಂದರೆ ಉಳಿದ ಸಾಮಾನಿಗೂ ಹಬ್ಬುತ್ತದೆ. ತೂತುಗಳಿಗೆ ಸಿರಿಂಜಿನಿಂದ ಹುಳುನಾಶಕ ಬಿಡುವುದುಂಟು. ಆದರೆ ತೊಟ್ಟಿಲಿಗೆ ಅದು ಸಲ್ಲದು, ಹುಳು ಹಿಡಿದ ಭಾಗವನ್ನೇ ಬದಲಿಸಬೇಕು. ಗೆದ್ದಲು ತಿಂದ ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ.

ಅಲುಗಾಡುವ ಸಂದಿಗೆ ಮೊಳೆ ಹೊಡೆಯಬಾರದು. ಮೊಳೆ ಮರವನ್ನು ಸೀಳುತ್ತದೆ, ತುಕ್ಕು ಹಿಡಿದು ಕಲೆ ಮಾಡುತ್ತದೆ. ಸಂದನ್ನು ಬಿಡಿಸಿ, ಹಳೆಯ ಅಂಟನ್ನು ಕೆರೆದು, ಮರಗೆಲಸದ ಬಿಳಿ ಅಂಟು ಹಚ್ಚಿ, ಅಗತ್ಯವಿದ್ದರೆ ತೆಳುವಾದ ಮರದ ಬೆಣೆ ಕೊಟ್ಟು, ಹಗ್ಗದಿಂದ ಬಿಗಿದು ಒಂದು ದಿನ ಬಿಡಬೇಕು. ಬಾಚಿ ಹಿಡಿದು ದುಡಿದ ಬಾಚಿಕಾಯಕದ ಬಸವಣ್ಣನೂ ವಚನಕಾರನಾಗಿದ್ದ ಪರಂಪರೆ ನಮ್ಮದು. ಸಂದು ಬಿಡಿಸುವಂಥ ಕೆಲಸದಲ್ಲಿ ಬಡಗಿಯ ಮಾತು ಕೇಳುವುದು ಓದಿದವರಿಗೆ ಕುಂದಲ್ಲ.

ಹಳೆಯ ಬಣ್ಣ ತೆಗೆಯುವ ಕ್ರಮ

ಮೇಲಿರುವುದು ಅರಗಿನ ಮೆರುಗೋ ಬಣ್ಣವೋ ಎಂಬುದನ್ನು ಮೊದಲು ತಿಳಿಯಬೇಕು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿರಿ. ಅಂಟಾಗಿ, ಹತ್ತಿ ಕಂದುಬಣ್ಣಕ್ಕೆ ತಿರುಗಿದರೆ ಅದು ಅರಗು. ಅದನ್ನು ಸ್ಪಿರಿಟಿನಿಂದಲೇ ಒರೆಸಿ ತೆಗೆಯಬಹುದು. ಏನೂ ಆಗದಿದ್ದರೆ ವಾರ್ನಿಷ್ ಅಥವಾ ಎಣ್ಣೆ ಬಣ್ಣ.

ಹಳೆಯ ಎಣ್ಣೆ ಬಣ್ಣವನ್ನು ಒಣಗಿದ ಕಾಗದದಿಂದ ಉಜ್ಜಬಾರದು. ಬೆಂಕಿಯ ಜ್ವಾಲೆಯಿಂದ ಸುಟ್ಟು ಕೆರೆಯಲೂಬಾರದು. ಹಿತ್ತಲಿನ ಬಯಲಿನಲ್ಲಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಬಣ್ಣ ತೆಗೆಯುವ ದ್ರಾವಣವನ್ನು ಹಚ್ಚಿ, ಮೆತ್ತಗಾದ ಬಣ್ಣವನ್ನು ಮೊಂಡು ಚಾಕುವಿನಿಂದ ಎತ್ತಬೇಕು. ಉಳಿದುದನ್ನು ನೀರಿನಲ್ಲಿ ಬಳಸುವ ಉಜ್ಜುಕಾಗದದಿಂದ, ಒದ್ದೆ ಮಾಡುತ್ತ ಉಜ್ಜಬೇಕು. ದ್ರಾವಣದ ಹಬೆಯೂ ಕೆಟ್ಟದ್ದೇ. ಆದುದರಿಂದ ಗಾಳಿಯಾಡುವ ಕಡೆಯಲ್ಲಿಯೇ ಈ ಕೆಲಸ ಮಾಡಬೇಕು. ಕೈಗೆ ರಬ್ಬರಿನ ಗವಸು, ಮೂಗಿಗೆ ಧೂಳು ತಡೆಯುವ ಒಳ್ಳೆಯ ಮುಖಗವಸು ಬೇಕು. ಮಕ್ಕಳೂ ಗರ್ಭಿಣಿಯರೂ ಹತ್ತಿರ ಸುಳಿಯಕೂಡದು. ಕೆರೆದ ಚಕ್ಕೆಗಳನ್ನು ಚೀಲದಲ್ಲಿ ಬಿಗಿದು ಕಟ್ಟಬೇಕು. ತಿಪ್ಪೆಗೂ ಒಲೆಗೂ ಹಾಕಬಾರದು. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಬಣ್ಣ ಗಟ್ಟಿಯಾಗಿ ಹಿಡಿದಿದ್ದು, ಮಕ್ಕಳ ಕೈಗೆ ಸಿಗದ ಕಪಾಟಿನಂಥ ಸಾಮಾನಾದರೆ ಅದನ್ನು ತೆಗೆಯದೆ, ಮೇಲೆ ಹೊಸ ಬಣ್ಣದಿಂದ ಮುಚ್ಚಿಬಿಡುವುದೂ ಒಂದು ಸುರಕ್ಷಿತ ದಾರಿಯೇ.

ಅರಗಿನ ಮೆರುಗು

ಒಳಗಿನ ಮರ ಸಾಗುವಾನಿ, ಬೀಟೆ, ಹೊನ್ನೆಯಂಥದಾದರೆ ಅದನ್ನು ಬಣ್ಣದಿಂದ ಮುಚ್ಚದಿರುವುದು ಚೆನ್ನ. ಸೊರಬ ಮತ್ತು ಸಾಗರ ಸೀಮೆಯ ಗುಡಿಗಾರರ ಕೆಲಸವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಈ ಮನೆತನಗಳ ಕೆತ್ತನೆಯ ಪೆಟ್ಟಿಗೆ, ಬರೆಯುವ ಮೇಜುಗಳನ್ನು ಬಿ. ಎಲ್. ರೈಸ್ ಅವರು ೧೮೯೭ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿ ವಿವರಿಸಿದ್ದಾರೆ. ಬಳ್ಳಿ, ಎಲೆ, ದೇವತಾಮೂರ್ತಿಗಳಿಂದ ತುಂಬಿದ ಶ್ರೀಗಂಧದ ಪೆಟ್ಟಿಗೆಗೆ ಮರದ ಸ್ವಂತ ಬಣ್ಣ, ಸ್ವಂತ ಪರಿಮಳಗಳೇ ಶೋಭೆ.

ಮರವನ್ನು ಮೊದಲು ೧೨೦, ಆಮೇಲೆ ೧೮೦, ಕೊನೆಗೆ ೩೨೦ನೆಯ ಸಂಖ್ಯೆಯ ಕಾಗದದಿಂದ ಎಳೆಯ ದಿಕ್ಕಿಗೇ ಉಜ್ಜಬೇಕು. ಅಡ್ಡ ಉಜ್ಜಿದರೆ ಗೀರುಗಳು ಮೆರುಗು ಕೊಟ್ಟ ಮೇಲೆಯೇ ಎದ್ದು ಕಾಣುತ್ತವೆ. ಅರಗು ಮರದ ಮೇಲೆ ಬಾಳುವ ಒಂದು ಕೀಟದ ಸ್ರಾವ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅದೇ. ಒಂದು ಲೀಟರ್ ಪಾಲಿಶ್ ಸ್ಪಿರಿಟಿಗೆ ಸುಮಾರು ೧೫೦ ಗ್ರಾಂ ಅರಗಿನ ಚಕ್ಕೆ ಹಾಕಿ, ಮುಚ್ಚಿಟ್ಟು, ಆಗಾಗ ಅಲುಗಿಸಿದರೆ ಒಂದೆರಡು ದಿನದಲ್ಲಿ ಕರಗುತ್ತದೆ. ಬಟ್ಟೆಯಲ್ಲಿ ಸೋಸಿಕೊಂಡು, ಹತ್ತಿಯನ್ನು ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ತೆಳುವಾಗಿ ಸವರಬೇಕು. ಒಂದು ಲೇಪ ಆರಿದ ಮೇಲೆಯೇ ಇನ್ನೊಂದು. ಐದಾರು ತೆಳು ಲೇಪಗಳು ಒಂದು ದಪ್ಪ ಲೇಪಕ್ಕಿಂತ ಮೇಲು. ಸ್ಪಿರಿಟ್ ವಿಷ, ಮೇಲಾಗಿ ಥಟ್ಟನೆ ಹೊತ್ತಿಕೊಳ್ಳುವಂಥದು. ದೀಪ, ಒಲೆಗಳ ಬಳಿ ಇಡಬಾರದು.

ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ದೀಪಾವಳಿಯಿಂದ ಯುಗಾದಿಯವರೆಗಿನ ಕಾಲವೇ ತಕ್ಕದ್ದು. ಮಳೆಗಾಲದ ತೇವದಲ್ಲಿ ಅರಗಿನ ಮೇಲೆ ಬಿಳಿ ಮಬ್ಬು ಕಟ್ಟುತ್ತದೆ. ಶಿಕಾರಿಪುರಕ್ಕಿಂತ ಹೆಚ್ಚು ಮಳೆ ಬೀಳುವ ಸೊರಬದ ಕಡೆಯವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು. ಅರಗಿನ ಮೆರುಗಿಗೆ ಬಿಸಿ ಲೋಟ ತಾಗಿದರೆ ಬಿಳಿ ಉಂಗುರ ಬೀಳುತ್ತದೆ. ಆದುದರಿಂದ ಊಟದ ಮೇಜಿಗೆ ವಾರ್ನಿಷ್ ಉತ್ತಮ. ಅಗಸೆ ಎಣ್ಣೆ ಸವರುವವರು ಒಂದು ಮಾತು ನೆನಪಿಡಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆದರೆ ತಾನೇ ಕಾವೇರಿ ಹೊತ್ತಿಕೊಳ್ಳುವುದುಂಟು. ಅದನ್ನು ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ ಒಣಗಿಸಬೇಕು.

ಬಣ್ಣ ಬಳಿಯುವುದಾದರೆ

ಹಲವು ಜಾತಿಯ ತುಂಡುಗಳಿಂದ ಮಾಡಿದ, ತೇಪೆ ಬಿದ್ದ ಸಾಮಾನಿಗೆ ಬಣ್ಣವೇ ಯೋಗ್ಯ. ಒಡಕುಗಳನ್ನು ಪುಟ್ಟಿಯಿಂದ ತುಂಬಿ ಉಜ್ಜಿ, ಮರಕ್ಕೆ ತಕ್ಕ ಅಡಿಬಣ್ಣ ಹಚ್ಚಿ, ಅದು ಆರಿದ ಮೇಲೆ ಎರಡು ತೆಳು ಲೇಪಗಳನ್ನು ಒಂದೊಂದು ದಿನದ ಅಂತರದಲ್ಲಿ ಕೊಡಬೇಕು. ಡಬ್ಬಿಯ ಮೇಲೆ ಸೀಸದ ಪ್ರಮಾಣದ ಬರಹವಿದೆಯೇ ಎಂದು ಓದಿ ಕೊಳ್ಳಿರಿ. ಅಟ್ಟದ ಮೇಲಿನ ಹಳೆಯ ಡಬ್ಬಿಯ ಬಣ್ಣವನ್ನು ಉಳಿತಾಯವೆಂದು ಬಳಸದಿರಿ.

ನಮ್ಮ ತೊಟ್ಟಿಲಿನ ಕಂಬಗಳೂ ಚೌಕಟ್ಟೂ ಈ ಕ್ರಮದಿಂದ ಸ್ವಚ್ಛವಾದವು. ಆದರೆ ಕಡೆದ ಕಂಬಿಗಳ ಗೆರೆಗಳೊಳಗೆ ಕೂತ ಕೆಂಪು ಬಣ್ಣ ಪೂರ್ತಿ ಬರಲಿಲ್ಲ. “ಇಷ್ಟು ಚೆಂದದ ಕಂಬಿ, ಬಿಸಾಡಲು ಮನಸ್ಸು ಬರುವುದಿಲ್ಲ ಆಚಾರ್ರೇ” ಎಂದೆ. “ಕಚ್ಚುವುದು ನೀವಲ್ಲ, ಕೂಸು” ಎಂದರು ಅವರು. ಹೊಸ ಹೊನ್ನೆಯ ಸಾದಾ ಕಂಬಿಗಳನ್ನು, ಮಗುವಿನ ತಲೆ ಸಿಕ್ಕದಂತೆ ನಡುವೆ ೬ ಸೆಂಟಿಮೀಟರಿಗಿಂತ ಹೆಚ್ಚು ಸಂದಿಲ್ಲದಂತೆ ಕೂರಿಸಿಕೊಟ್ಟರು. ಬೇರೆ ಬಣ್ಣದ ಪುಡಿ ಬೆರೆಸದ ಬರಿಯ ಅರಗಿನ ಮೆರುಗು ಕೊಟ್ಟು, ಸ್ಪಿರಿಟಿನ ವಾಸನೆ ಪೂರ್ತಿ ಹೋಗುವವರೆಗೆ ಎರಡು ವಾರ ಗಾಳಿಗಿಟ್ಟೆವು.

ಸೊಸೆ ಬಂದವಳು ಮೊದಲು ತೊಟ್ಟಿಲಿನ ಅಡಿಯನ್ನು ಬಗ್ಗಿ ನೋಡಿದಳು. ಆಮೇಲೆ ಮಗುವನ್ನು ಮಲಗಿಸಿದಳು. ಹಾಗೆ ನೋಡಿದುದು ನನಗೆ ಬೇಸರವಾಗಲಿಲ್ಲ, ಸಮಾಧಾನವೇ ಆಯಿತು. ಈಗ ಮೊಮ್ಮಗಳಿಗೆ ಹಲ್ಲು ಬರುತ್ತಿವೆ. ಹೊನ್ನೆಯ ಕಂಬಿಗಳ ಮೇಲೆ ಸಣ್ಣ ಸಣ್ಣ ಗುರುತುಗಳು ಬಿದ್ದಿವೆ. ಓದುಗ ಬಂಧುಗಳ ಮನೆಯಲ್ಲಿಯೂ ಅಟ್ಟದಿಂದ ಇಳಿಯಬೇಕಾದ ತೊಟ್ಟಿಲಿದ್ದರೆ, ಕುಂಚ ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ಅದರ ಹಳೆಯ ಬಣ್ಣವನ್ನು ವಿಚಾರಿಸಿರಿ.