ಕಡಲಿನ ಹುಳುಮನೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಓದುಗರಿಗೆ ಕಡಲಿನ ಮಾತು ದೂರದ್ದೆನಿಸೀತು. ಉತ್ತರ ಪಿನಾಕಿನಿಯೇ ವರ್ಷದ ಬಹುಭಾಗ ಒಣಗಿರುವಲ್ಲಿ ಸಮುದ್ರದ ಚಿಂತೆ ಯಾರಿಗೆ? ಆದರೆ ರೇಷ್ಮೆಹುಳುವಿನ ಮನೆಯನ್ನು ಬಲ್ಲ ತಮಗೆ, ಮಂಗಳೂರು, ಮಲ್ಪೆ, ಕಾರವಾರಗಳ ಮುಂದಿನ ಕಡಲಿನಲ್ಲಿ ಮಳೆಗಾಲದಲ್ಲಿ ನಡೆಯುವ ವ್ಯವಹಾರ ತಿಳಿಯುವುದು ಕಷ್ಟವಲ್ಲ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯ ಗಾಳಿ ಉತ್ತರದಿಂದ ದಕ್ಷಿಣಕ್ಕೆ ತುಸು ವಾಲಿ ಬೀಸುವುದು. ಭೂಮಿ ತಿರುಗುತ್ತಿರುವ ಕಾರಣ ಮೇಲಿನ ನೀರು ಗಾಳಿಯ ನೇರಕ್ಕೆ ಹೋಗದೆ ಅದರ ಬಲಕ್ಕೆ, ಎಂದರೆ ದಡ ಬಿಟ್ಟು ಪಶ್ಚಿಮಕ್ಕೆ, ಸರಿಯುತ್ತದೆ. ತೆರವಾದ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ. ನೈಟ್ರೇಟು ಫಾಸ್ಫೇಟುಗಳಿಂದ ಕೂಡಿದ ಆ ನೀರು ಬಯಲಿಗೆ ಹಾಕಿದ ಗೊಬ್ಬರವಿದ್ದಂತೆ. ಬೆಳಕು ತಗಲಿದೊಡನೆ ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಒತ್ತಾಗಿ ಬೆಳೆಯುವುವು. ಇದೇ ಕಡಲಿನ ಹಿಪ್ಪುನೇರಳೆ ತೋಟ.

ಆ ಸೊಪ್ಪನ್ನು ಮೇಯುವವು ಪ್ರಾಣಿಪ್ಲವಕಗಳು. ಅವುಗಳಲ್ಲಿ ಮುಖ್ಯವಾದದ್ದು ಸೀಗಡಿಯ ದೂರದ ನಂಟನಾದ ಕೋಪೆಪಾಡ್. ಬಹುತೇಕವು ಒಂದೆರಡು ಮಿಲಿಮೀಟರಿಗಿಂತ ದೊಡ್ಡವಲ್ಲ. ರೇಷ್ಮೆಹುಳು ನಾಲ್ಕು ಜ್ವರ ದಾಟಿ ಹಣ್ಣಾದರೆ, ಕೋಪೆಪಾಡ್ ಹನ್ನೊಂದು ಸಲ ಪೊರೆ ಕಳಚಿ ಬಲಿಯುವುದು. ಬೆಚ್ಚನೆಯ ನೀರಿನಲ್ಲಿ ಇದಕ್ಕೆಲ್ಲ ಎರಡು ಮೂರು ವಾರ ಸಾಕು.

ಈ ಪ್ರಾಣಿಗಳ ಉತ್ಪತ್ತಿಯನ್ನು ಅಳೆಯುವುದು ಹೇಗೆ? ಸಣ್ಣ ಕಣ್ಣಿನ ಬಲೆಯನ್ನೆಳೆದು, ಸಿಕ್ಕಿದ್ದನ್ನು ತೂಗುವುದು ಹಳೆಯ ಕ್ರಮ. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹೀಗೆ ಸಾವಿರಾರು ಮಾದರಿಗಳನ್ನು ಕೂಡಿಸಿದರು. ಆದರೆ ಇದು ಇದ್ದ ದಾಸ್ತಾನಿನ ಲೆಕ್ಕ ಮಾತ್ರ. ಈ ದಿನ ತಟ್ಟೆಯಲ್ಲಿರುವ ಹುಳುಗಳನ್ನು ತೂಗಿ, ವರ್ಷಕ್ಕೆಷ್ಟು ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದೀತೆಂದು ಹೇಳಬಲ್ಲಿರಾ? ವರ್ಷಕ್ಕೆಷ್ಟು ಬೆಳೆ ತೆಗೆದಿರಿ, ನಡುವೆ ಸತ್ತದ್ದೆಷ್ಟು ಎಂಬುದೂ ಬೇಕಷ್ಟೆ. ಕಡಲಿನಲ್ಲಂತೂ ಮೀನು ತಿನ್ನುತ್ತಲೇ ಇರುವುದರಿಂದ, ಬಲೆಯಲ್ಲಿ ಕಡಮೆ ಸಿಕ್ಕಿದ ಕಡೆಯಲ್ಲೇ ಉತ್ಪತ್ತಿ ಹೆಚ್ಚಿರಲೂಬಹುದು. ಆದುದರಿಂದ ಮೊಟ್ಟೆಯಿಡುವ ವೇಗ, ಬೆಳೆಯುವ ವೇಗಗಳನ್ನು ಬೇರೆಯಾಗಿ ಅಳೆಯಬೇಕಾಗುತ್ತದೆ.

ಗಾಳಿ ಜೋರಾದಷ್ಟೂ ಒಳ್ಳೆಯದೆಂದು ತಿಳಿಯಬೇಡಿ. ಸೊಪ್ಪು ಚಿಗುರುವುದು ದಿನಗಳಲ್ಲಿ. ಮೇಯುವ ಹುಳು ಬಲಿಯುವುದು ವಾರಗಳಲ್ಲಿ. ಅಷ್ಟರೊಳಗೆ ನೀರು ದೂರಕ್ಕೆ ಸಾಗಿಹೋದರೆ ತೋಟ ಒಂದೆಡೆ, ಹುಳು ಒಂದೆಡೆ. ಮೇಲೇರಿದ ನೀರಿನಲ್ಲಿ ಪ್ರಾಣವಾಯುವೂ ಕಡಮೆ. ಕೆಲವೊಮ್ಮೆ ತಳದ ಮೀನು, ಸೀಗಡಿಗಳು ಅದಕ್ಕಂಜಿ ದಡದತ್ತ ಬರುವುದುಂಟು.

ಈ ಲೆಕ್ಕ ತಪ್ಪಿದರೆ ಬವಣೆ ಬೆಸ್ತರಿಗೆ. ಬಂಗುಡೆಯ ಮುಖ್ಯ ಆಹಾರ ಪ್ರಾಣಿಪ್ಲವಕ. ಬೂತಾಯಿ ಅದರೊಡನೆ ಸಸ್ಯಪ್ಲವಕವನ್ನೂ ಸೋಸಿ ತಿನ್ನುವುದು. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 4 ಸಾವಿರ ಟನ್ನೂ ದಾಟಲಿಲ್ಲ. ಹಿಡಿತದ ಅತಿರೇಕವೂ, ಕಡಲಿನ ಹವೆಯ ಏರುಪೇರೂ ಇದಕ್ಕೆ ಸೇರಿವೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿ ಯಂತ್ರದೋಣಿಗಳು ದಡದಲ್ಲಿ ನಿಂತಿರುವ ಆ 61 ದಿನಗಳಲ್ಲಿ, ಹೊರಗೆ ಹುಳುಮನೆಯ ಕೆಲಸ ಆರಂಭವಾಗಿರುತ್ತದೆ.